ನನ್ನ ಹದಿನೇಳು ಹುಣಸೆ ಬೀಜಗಳು

ಮಾತಿನ ಚಟ ಕುಡಿತದ ಚಟಕ್ಕಿಂತ ಕೆಟ್ಟದ್ದು. ಕುಡಿದವನಿಗೆ ಬೆಳಗಾದರೆ ಇಳಿಯುತ್ತದೆ, ಮಾತಿನವನಿಗೆ ಬೆಳಗಾದರೆ ಏರುತ್ತದೆ. ನಾನು ಶ್ರೀರಂಗಪಟ್ಟಣದ ಒಂದು ಬಿ.ಇಡಿ. ಕಾಲೇಜಿನಲ್ಲಿ, ಮೇಷ್ಟ್ರಾಗಲಿರುವವರಿಗೆ ಮೇಷ್ಟ್ರು. "ತರಗತಿಯಲ್ಲಿ ಶಿಕ್ಷಕರು ಕಡಿಮೆ ಮಾತಾಡಬೇಕು, ಮಕ್ಕಳು ಹೆಚ್ಚು ಮಾತಾಡಬೇಕು" ಎನ್ನುವುದೇ ನಾನು ಕಲಿಸುವುದರ ಸಾರ. ಇಷ್ಟು ಹೇಳಿ ಮುಗಿಸಲು ನನಗೆ ಮೂರು ಪೀರಿಯಡ್ಡು ಬೇಕು. ಮೂರನೆಯದರಲ್ಲಿ ಹಿಂದಿನ ಬೆಂಚಿನವರು ತಲೆದೂಗುತ್ತಿದ್ದರು. ಅದು ತೂಕಡಿಕೆ ಎಂದು ನನಗೆ ಬಹಳ ಕಾಲ ತಿಳಿಯಲಿಲ್ಲ.

ಈ ವರ್ಷ ಒಂದು ಹೊಸ ಉಪಾಯ ಹೂಡಿದೆ. ನಮ್ಮವರು ಶಾಲೆಗಳಿಗೆ ಹೋಗಿ ಅಭ್ಯಾಸದ ಪಾಠ ಮಾಡುವಾಗ ಹಿಂದೆ ಒಬ್ಬರು ಎರಡು ಡಬ್ಬ ಇಟ್ಟುಕೊಂಡು ಕೂರಬೇಕು. ತರಗತಿಯಲ್ಲಿ ದೊಡ್ಡವರು ಯಾರೇ ಬಾಯಿ ಬಿಟ್ಟರೂ ವಾಕ್ಯಕ್ಕೊಂದರಂತೆ ಒಂದು ಡಬ್ಬಕ್ಕೆ ಹುಣಸೆ ಬೀಜ, ಮಗು ಬಾಯಿ ಬಿಟ್ಟರೆ ಇನ್ನೊಂದಕ್ಕೆ ಅವರೆಕಾಳು. ಕೊನೆಯಲ್ಲಿ ಅವರೆ ಹೆಚ್ಚಿದ್ದರೆ ಪಾಸು. ಬೀಜ ಒದಗಿಸಿದವಳು ನನ್ನ ಹೆಂಡತಿ. ಪಾಲಹಳ್ಳಿಯವಳು, ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ವಿಷಯ ಕೇಳಿ, "ನಿಮ್ಮಾತು ಎಣಿಸಾಕೆ ಈ ಡಬ್ಬ ಸಾಲಕ್ಕಿಲ್ಲ ಕಣ್ರೀ, ಕಾಳು ತುಂಬೋ ಪಣತ ಕಟ್ಟಿಸ್ಬೇಕು" ಎಂದಳು. ಅವಳಿಗೆ ಶಿಕ್ಷಣಶಾಸ್ತ್ರ ಗೊತ್ತಿಲ್ಲ ಎಂದುಕೊಂಡು ಸುಮ್ಮನಾದೆ.

ಉಪಾಯಕ್ಕೆ ಮೊದಲು ಸಿಕ್ಕಿಬಿದ್ದವಳು ಸವಿತಾ. ಕೆ.ಆರ್. ಪೇಟೆ ಕಡೆಯ ರೈತರ ಮನೆಯ ಸೊಸೆ, ಎರಡು ಮಕ್ಕಳಾದ ಮೇಲೆ ಓದಲು ಬಂದವಳು. "ಈ ವರ್ಸ ಮುಗಿಸ್ಬುಡವ್ವ. ಬರೋ ವರ್ಸವೂ ಹಸ, ಮಕ್ಳು ಎಲ್ಲಾ ನನ್ ಕೈಲಾಗಕ್ಕಿಲ್ಲ" ಎಂದು ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರಂತೆ. ಪಾಂಡವಪುರ ಟೌನಿನ ಶಾಲೆಯಲ್ಲಿ ಅವಳ ಮೊದಲ ಪಾಠ ನಡೆದಾಗ ಹುಣಸೆ ಡಬ್ಬ ತುಂಬಿ ತುಳುಕಿತು, ಅವರೆಕಾಳು ಬಿದ್ದದ್ದು ಎರಡೇ. ಒಂದು, "ಮಿಸ್, ಒಂದಕ್ಕೆ". ಇನ್ನೊಂದು, "ಮಿಸ್, ಬೆಲ್ಲಾಯ್ತು". ಉಳಿದಿದ್ದು ಒಂದೇ ಅವಕಾಶ. ಅದೂ ಹೋದರೆ ಅವಳ ಓದು ಅಲ್ಲಿಗೇ ನಿಂತಂತೆ.

ಅವಳಿಗೆ ಸಿಕ್ಕ ಏಳನೇ ತರಗತಿಯೂ ಸಾಮಾನ್ಯದ್ದಲ್ಲ. ಮನೆಯಲ್ಲಿ ಉರ್ದು ಆಡುವವರು, ತಮಿಳು ಆಡುವವರು, ನಮ್ಮ ಹಳ್ಳಿಗಳಿಂದ ಬಸ್ಸಿಗೆ ಬರುವವರು ಎಲ್ಲ ಇದ್ದರು. ಬೆಲ್ಲ ಮಾಡುವ ಆಲೆಮನೆಗೆ ಉತ್ತರದ ಕಡೆಯಿಂದ ಕೆಲಸಕ್ಕೆ ಬಂದವರ ಮಗಳು ಪೂನಂ ಕೂಡ ಇದ್ದಳು. ಆ ಹುಡುಗಿ ಶಾಲೆಯಲ್ಲಿ ತುಟಿ ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

ಎರಡನೇ ಪಾಠದ ದಿನ ಸವಿತಾ ಒಂದು ಚೊಂಬು ಕಬ್ಬಿನ ಹಾಲು, ಒಂದು ಅಚ್ಚು ಬೆಲ್ಲ ತಂದು ಮೇಜಿನ ಮೇಲಿಟ್ಟು, "ಇದು ಅದಾಗೋದು ಹೆಂಗೆ?" ಎಂದು ಕೇಳಿ ಸುಮ್ಮನೆ ನಿಂತಳು. ಡಬ್ಬಗಳ ಉಸ್ತುವಾರಿ ಅವಳ ಸಹಪಾಠಿ ರುಕ್ಮಿಣಿಯದು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ಅಂಕ ಹಾಕುವವನು. ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಅರ್ಧ ನಿಮಿಷದ ಮೌನ ನನ್ನಂಥವನಿಗೆ ಎಂಥ ಹಿಂಸೆ ಎಂದು ನಿಮಗೆ ಹೇಗೆ ಹೇಳಲಿ! ಪಾಪ, ಹುಡುಗಿ ಫೇಲಾಗುತ್ತಾಳಲ್ಲ ಎಂಬ ಕರುಣೆಯಿಂದಲೇ ಎದ್ದು, ದ್ರವ ಎಂದರೇನು ಎಂದು ವಿವರಿಸಿದೆ. ಆಮೇಲೆ ಆವಿ ಎಂದರೇನು ಎಂದೂ ವಿವರಿಸಿದೆ. "ಪಾಕ ಬಂತು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ಸವಿತಾ ಕೇಳಿದಾಗ ಪೂನಂ ಕೈ ಎತ್ತಿದಳು. ನಾನು ಉಷ್ಣಾಂಶದ ಬಗ್ಗೆ ಶುರುಮಾಡಿದೆ. ಆ ಕೈ ಮೆಲ್ಲಗೆ ಕೆಳಗಿಳಿಯಿತು.

"ಸಾ, ಒಸಿ ಸುಮ್ಕಿರಿ!"

ಹಾಗಂದವಳು ಸವಿತಾ. ಅಂದ ಮೇಲೆ ಅವಳ ಮುಖ ಬಿಳಿಚಿಕೊಂಡಿತು. ನಾನು ಕುಸಿದು ಕೂತೆ. ಅವಮಾನವಾಯಿತು, ಸುಳ್ಳೇಕೆ ಹೇಳಲಿ.

ಆಗ ಪೂನಂ ಎದ್ದು ನಿಂತು, ಕೈ ಆಡಿಸುತ್ತ ಹಿಂದಿಯಲ್ಲಿ ಏನೋ ಹೇಳಿದಳು. ಪಕ್ಕದ ಶಬಾನಾ ಕನ್ನಡ ಮಾಡಿದಳು: "ತಣ್ಣೀರಿಗೆ ಒಂದು ಹನಿ ಹಾಕಿ ನೋಡ್ತಾರಂತೆ ಮಿಸ್. ಉಂಡೆ ಕಟ್ಟಿದ್ರೆ ಪಾಕ ಬಂತಂತೆ."

"ನಮ್ ತಾತನೂ ಅಂಗೇ ಮಾಡೋದು ಮಿಸ್!" ಎಂದ ಹಿಂದಿನ ಬೆಂಚಿನ ಮಂಜ.

"ಉಂಡೆ ಕಟ್ಟದಿದ್ರೆ?" ಎಂದು ಮತ್ತೊಬ್ಬಳು ಕೇಳಿದಳು. ಪೂನಂ ಈ ಸಲ ಶಬಾನಾಳಿಗೂ ಕಾಯದೆ, "ಇನ್ನಾ ಬೆಂಕಿ!" ಎಂದಳು, ಕನ್ನಡದಲ್ಲಿ. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ರುಕ್ಮಿಣಿಗೆ ಅವರೆಕಾಳು ಹಾಕಿ ಹಾಕಿ ಕೈ ಸೋತಿತು.

ಬೆಲ್ಲು ಹೊಡೆದ ಮೇಲೆ ಎಣಿಸಿದೆವು. ಅವರೆ ಮೂವತ್ತೊಂದು, ಹುಣಸೆ ಮೂವತ್ತೆಂಟು. ಸವಿತಾ ಚೊಂಬನ್ನು ಚೀಲಕ್ಕೆ ತುಂಬತೊಡಗಿದಳು.

"ಸಾ," ರುಕ್ಮಿಣಿ ತನ್ನ ಪುಸ್ತಕ ತೆಗೆದಳು, "ದೊಡ್ಡೋರು ಯಾರೇ ಮಾತಾಡಿದ್ರೂ ಬೀಜ ಅಂದಿದ್ರಿ. ಇದ್ರಲ್ಲಿ ಹದಿನೇಳು ನಿಮ್ಮವು. ಬರ್ಕೊಂಡಿವ್ನಿ."

ಹದಿನೇಳನ್ನು ಕಳೆದೆ. ಸವಿತಾಳದ್ದು ಇಪ್ಪತ್ತೊಂದೇ. ನನಗೆ "ಸುಮ್ಕಿರಿ" ಎಂದದ್ದಕ್ಕೂ ಒಂದು ಬೀಜ ಬಿದ್ದಿತ್ತು, ರುಕ್ಮಿಣಿ ಅಷ್ಟು ಕಟ್ಟುನಿಟ್ಟು. ಅಂಕಪಟ್ಟಿಯಲ್ಲಿ 'ಪಾಠಕ್ಕೆ ಅಡ್ಡಿ ಮಾಡಿದ ವಿದ್ಯಾರ್ಥಿಯನ್ನು ನಿಭಾಯಿಸಿದ ರೀತಿ' ಎಂಬ ಕಾಲಂ ಇದೆ. ಅಲ್ಲಿ ಹತ್ತಕ್ಕೆ ಹತ್ತು ಹಾಕಿ, ಆ ವಿದ್ಯಾರ್ಥಿಯ ಹೆಸರು ಎಂಬ ಜಾಗದಲ್ಲಿ ನನ್ನ ಹೆಸರು ಬರೆದು, ಕೆಳಗೆ ಪಾಸು ಎಂದು ಸಹಿ ಮಾಡಿದೆ. ಸವಿತಾ ನೋಡಿ ಅತ್ತೇಬಿಟ್ಟಳು, ಅಳುತ್ತಲೇ ಅತ್ತೆಗೆ ಫೋನು ಮಾಡಿದಳು.

ನಾನು ಎದ್ದು ನಿಂತೆ. "ನೋಡಮ್ಮ ಸವಿತಾ, ಶಿಕ್ಷಕನಾದವನಿಗೆ ಮೌನದ ಮಹತ್ವ ಏನು ಅಂದರೆ, ಮೊದಲನೆಯದಾಗಿ..." ಎಂದು ಶುರುಮಾಡಿದೆ.

ರುಕ್ಮಿಣಿಯ ಡಬ್ಬದಲ್ಲಿ ಟಣ್ ಎಂದಿತು.