ಆಯುಧಪೂಜೆಯ ದಿನ ಲಾಗಿನ್ನು

ಶ್ರೀರಾಂಪುರದ ಶಿವಮಲ್ಲಪ್ಪನವರು ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ, ಹೊಸ ಬಿಳಿ ಪಂಚೆಯುಟ್ಟು ನಡುಮನೆಗೆ ಬಂದಾಗ ಅವರ ಇಂಟರ್ನೆಟ್ಟಿನ ಮೋಡೆಮ್ ಗುರುತೇ ಸಿಗದಂತಾಗಿತ್ತು. ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಎರಡು ಕೊಂಬಿಗೂ ಸೇವಂತಿಗೆ. ಮುಂದೆ ಬಾಳೆಹಣ್ಣಿಗೆ ಸಿಕ್ಕಿಸಿದ ಊದುಬತ್ತಿ ಹೊಗೆಯಾಡುತ್ತಿತ್ತು. ಕಿಚ್ಚು ಹಾಯಲು ಸಿಂಗಾರ ಮಾಡಿಸಿಕೊಂಡ ಎತ್ತಿನ ಹಾಗೆ ಅದು ಪಿಳಿಪಿಳಿ ಕಣ್ಣು ಬಿಡುತ್ತಾ ಕೂತಿತ್ತು.

“ಇದಕ್ಕೂ ಮಾಡ್ಬುಟ್ಯಾ, ಲೀಲಾ?”

“ಮಾಡ್ದೆ ಮತ್ತೆ?” ಎಂದರು ಹೆಂಡತಿ ಪ್ರೇಮಲೀಲಾ. “ಸ್ಕೂಟ್ರಿಗೆ ಮಾಡ್ದೆ, ಮಿಕ್ಸಿಗೆ ಮಾಡ್ದೆ, ಈಳಿಗೆಮಣೆಗೂ ಮಾಡ್ದೆ. ಇವತ್ತು ನಮ್ಮನೆ ಕೆಲ್ಸ ಆಗ್ಬೇಕಾಗಿರೋದೇ ಇದ್ರಿಂದ. ಇದೊಂದನ್ನ ಬುಡಕ್ಕಾಯ್ತದಾ?”

ಆ ಮಾತೇನೋ ನಿಜ. ಮಗಳು ಅಕ್ಷತಾಳಿಗೆ ಹಿನಕಲ್ಲಿನ ಗುರುಸಿದ್ದಯ್ಯನವರ ಮಗ ಲೋಕೇಶನ ಜೊತೆ ಮಾತುಕತೆ ಮುಗಿದಿತ್ತು. ಹುಡುಗ, ಹುಡುಗಿ ಇಬ್ಬರೂ ಒಪ್ಪಿ, ಫೋನಿನಲ್ಲಿ ಆಗಲೇ ಜಗಳವಾಡುವಷ್ಟು ಹತ್ತಿರವಾಗಿದ್ದರು. ಆದರೆ ಗುರುಸಿದ್ದಯ್ಯನವರದು ಒಂದೇ ಪಟ್ಟು. ಮದುವೆ ಶ್ರೀರಾಂಪುರದ ಹೊನ್ನಗಿರಿ ಮಠದ ಕಲ್ಯಾಣ ಮಂಟಪದಲ್ಲೇ ಆಗಬೇಕು, ಫೆಬ್ರವರಿಯ ಕೊನೆಯ ಭಾನುವಾರವೇ ಆಗಬೇಕು. ಅದು ತಪ್ಪಿದರೆ ಹುಡುಗನಿಗೆ ಒಂದು ವರ್ಷ ಗುರುಬಲವಿಲ್ಲವಂತೆ. “ಆಮೇಲೆ ನೋಡನ ಬುಡಿ” ಎಂದಿದ್ದರು. ಹೆಣ್ಣು ಹೆತ್ತವರಿಗೆ ‘ಆಮೇಲೆ ನೋಡನ’ ಎಂದರೆ ಏನರ್ಥ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಂಟಪದ ಕಮಿಟಿಯವರು ಶಿಫಾರಸು, ಕಿತ್ತಾಟಗಳಿಂದ ರೋಸಿಹೋಗಿ ಈ ವರ್ಷದಿಂದ ಬುಕಿಂಗ್ ಏನಿದ್ದರೂ ಮಠದ ವೆಬ್‌ಸೈಟಿನಲ್ಲೇ ಎಂದುಬಿಟ್ಟಿದ್ದರು. ಶುಭದಿನ ನೋಡಿ, ಆಯುಧಪೂಜೆಯಂದು ಬೆಳಿಗ್ಗೆ ಹತ್ತಕ್ಕೆ ಬುಕಿಂಗ್ ಶುರು. ಮೊದಲು ನುಗ್ಗಿದವರಿಗೆ ಮಂಟಪ. ಕಡಕೊಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಶಿವಮಲ್ಲಪ್ಪನವರು ಬೀಗರಾಗುವವರ ಮುಂದೆ ಮೀಸೆ ತೀಡಿಕೊಂಡು, “ಆನ್‌ಲೈನ್ ತಾನೆ? ನಂಗೆ ಬುಡಿ. ಅದು ನೀರು ಕುಡ್ದಂಗೆ” ಎಂದು ಬೇರೆ ಹೇಳಿ ಬಂದಿದ್ದರು.

ಹತ್ತು ಹೊಡೆಯಿತು. ಹಿಂದಿನ ದಿನವೇ ಫೋನಿನಲ್ಲಿ ತೆರೆದಿಟ್ಟಿದ್ದ ಪುಟದಲ್ಲಿ ಪಾಸ್‌ವರ್ಡ್ ಹಾಕಿ, ಶಿವಶಿವಾ ಎಂದು ಲಾಗಿನ್ ಒತ್ತಿದರು. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಕೊನೆಗೆ ಅಕ್ಷರ ಮೂಡಿತು: ‘ಸಂಪರ್ಕ ಸಾಧ್ಯವಾಗುತ್ತಿಲ್ಲ. ಸ್ವಲ್ಪ ಸಮಯ ಬಿಟ್ಟು ಪ್ರಯತ್ನಿಸಿ.’

ಮತ್ತೆ ಒತ್ತಿದರು. ಮತ್ತೆ ಅದೇ. ಶಿವಮಲ್ಲಪ್ಪನವರ ಕಣ್ಣು ಮೆಲ್ಲಗೆ ಮೋಡೆಮ್ಮಿನ ಕಡೆ ಹೊರಳಿತು. ಕುಂಕುಮ ಅದರ ತೂತುಗಳೊಳಗೆಲ್ಲ ಇಳಿದಿತ್ತು.

“ಗಾಳಿಯಾಡೋ ಕಡೆ ಎಲ್ಲಾ ಕುಂಕುಮ ತುಂಬಿದ್ಯಲ್ಲೇ! ಅದು ಉಸಿರಾಡೋದು ಎಂಗೆ?”

ಹೂವು ಕಿತ್ತರು, ವಿಭೂತಿ ಒರೆಸಿದರು, ಊದುಬತ್ತಿ ಆರಿಸಿದರು. ಪ್ರೇಮಲೀಲಾ ಕೆನ್ನೆ ಕೆನ್ನೆ ಬಡಿದುಕೊಂಡರು. “ಪೂಜೆಗೆ ಕೂರ್ಸಿದ್ದನ್ನ ಕದಲಿಸ್ಬುಟ್ರಲ್ಲಾ! ಮಗಳ ಮದುವೆ ಕೆಲ್ಸ ಕಣ್ರೀ ಇದು!” ಎಂದು ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದವರು ಮತ್ತೆ ಮಾತಾಡಲಿಲ್ಲ. ಒಗ್ಗರಣೆ ಮಾತ್ರ ಜೋರಾಗಿ ಮಾತಾಡಿತು.

ಗಲಾಟೆ ಕೇಳಿ ಪಕ್ಕದ ಮನೆಯ ಮಹೇಶ ಬಂದ. ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಆದ್ದರಿಂದ ಬೀದಿಗೆಲ್ಲ ಅವನೇ ಇಂಜಿನಿಯರು. ವಯಸ್ಸು ಮೂವತ್ತೇಳಾದರೂ ಇನ್ನೂ ಹೆಣ್ಣು ಸಿಕ್ಕಿರಲಿಲ್ಲ. ಆ ಕೊರಗಿನಲ್ಲಿ ಅವನ ತಾಯಿ ಹೋಗದ ದೇವಸ್ಥಾನವಿಲ್ಲ.

“ರೀಸೆಟ್ ಹೊಡೀಬೇಕು ಅಂಕಲ್. ಒಂದು ಪಿನ್ನು ಕೊಡಿ.”

ಪಿನ್ನು ಕೊಟ್ಟರು. ಮಹೇಶ ಮೋಡೆಮ್ಮಿನ ಹಿಂದಿನ ಸಣ್ಣ ತೂತಿಗೆ ಚುಚ್ಚಿದ. ದೀಪಗಳೆಲ್ಲ ಒಮ್ಮೆ ಹತ್ತಿ, ಒಂದೊಂದಾಗಿ ಆರಿ, ಕೊನೆಗೆ ಕೆಂಪು ದೀಪವೊಂದೇ ಉಳಿಯಿತು. ಅಲ್ಲಿಯವರೆಗೆ ಮಠದ ಸೈಟೊಂದೇ ಸಿಗುತ್ತಿರಲಿಲ್ಲ, ಈಗ ಏನೂ ಸಿಗುತ್ತಿರಲಿಲ್ಲ.

“ಈಗ ಕಂಪ್ನಿಯೋರೇ ಬರ್ಬೇಕು ಅಂಕಲ್” ಎಂದ ಮಹೇಶ ಸಮಾಧಾನವಾಗಿ. “ಇವತ್ತು ಆಯುಧಪೂಜೆ, ಬರಲ್ಲ ಬುಡಿ.”

ಅಷ್ಟರಲ್ಲಿ ಎದುರು ಮನೆಯ ಮಹಡಿಯಿಂದ ಯಶೋಧಾ ಕೂಗಿದರು. ಈ ಬೀದಿಯಲ್ಲಿ ಯಾರ ಮನೆ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಯಶೋಧಾಗೆ. “ಅಣ್ಣಾ, ಫೋನ್ ತಗೊಂಡು ಇಲ್ಲಿಗೆ ಬನ್ನಿ, ನಮ್ಮ ಟೆರೇಸ್ ಮೇಲೆ ಸಿಗ್ನಲ್ಲು ಫುಲ್ಲು!”

ಶಿವಮಲ್ಲಪ್ಪನವರು ಫೋನು ಹಿಡಿದು, ತೆರೆಯ ಮೇಲಿಂದ ಕಣ್ಣು ಕೀಳದೆ ಬೀದಿಗಿಳಿದರು. ಬೀದಿಯಲ್ಲಿ ಆಟೋ, ಕಾರುಗಳ ಪೂಜೆ ಆಗತಾನೆ ಮುಗಿದಿತ್ತು. ಕುಂಕುಮ ತುಂಬಿ ಒಡೆದಿದ್ದ ಬೂದುಗುಂಬಳ ದಾರಿಯುದ್ದಕ್ಕೂ ಹರಡಿ ಬಿದ್ದಿತ್ತು. ಒಂದು ಹೋಳು ಅವರ ಎಡಗಾಲಿಗೇ ಕಾದಿತ್ತೋ ಎಂಬಂತೆ ಸಿಕ್ಕಿತು. ಧೊಪ್ಪನೆ ಕೂತರು. ಬಿಳಿ ಪಂಚೆ ಸೊಂಟದಿಂದ ಕೆಳಗೆ ಕೆಂಪಾಯಿತು.

“ಅಯ್ಯಯ್ಯೋ ರಕ್ತ! ಆಟೋ ತೆಗೀರ್ರೋ!” ಎಂದು ಯಶೋಧಾ ಮೇಲಿಂದಲೇ ಬೊಬ್ಬೆಯಿಟ್ಟರು. ನಾಲ್ಕು ಜನ ಓಡಿಬಂದು ಕೈಕಾಲು ಹಿಡಿದು ಎತ್ತಿಯೇಬಿಟ್ಟರು. ಹೂವಿನ ಹಾರ ಹಾಕಿಸಿಕೊಂಡಿದ್ದ ಆಟೋದೊಳಗೆ ಅರ್ಧ ತುರುಕಿದ ಮೇಲೆ ಶಿವಮಲ್ಲಪ್ಪನವರು, “ಕುಂಬಳಕಾಯಿ ಕಣ್ರಯ್ಯಾ, ನನ್ ರಕ್ತ ಅಲ್ಲ! ಬುಡ್ರಯ್ಯಾ!” ಎಂದು ಒದರಿದರು. ನಿರಾಸೆಯಿಂದಲೇ ಕೆಳಗಿಳಿಸಿದರು.

ಟೆರೇಸಿನ ಮೇಲೆ ಸಿಗ್ನಲ್ ನಿಜಕ್ಕೂ ಚೆನ್ನಾಗಿತ್ತು. ಯಶೋಧಾರ ಫೋನಿನಲ್ಲಿ ಅಡುಗೆ ವೀಡಿಯೊ ಹರಿಯುವ ನೀರಿನ ಹಾಗೆ ಓಡುತ್ತಿತ್ತು. ಶಿವಮಲ್ಲಪ್ಪನವರ ಫೋನಿನಲ್ಲಿ ಮಾತ್ರ ಸಂಪರ್ಕ ಸಾಧ್ಯವಾಗುತ್ತಿರಲಿಲ್ಲ. ಹಿಂದೆಯೇ ಹತ್ತಿ ಬಂದಿದ್ದ ಮಹೇಶ ತನ್ನ ಫೋನಿನಲ್ಲೂ ನೋಡಿದ. ಅಲ್ಲೂ ಅದೇ.

“ಇಡೀ ಮೈಸೂರೇ ಒಟ್ಟಿಗೆ ನುಗ್ತಾ ಅವ್ರೆ ಅಂಕಲ್. ಮಧ್ಯೆ ಒಂದು ಗ್ಯಾಪು ಸಿಕ್ತದೆ, ಅವಾಗ ತೂರ್ಬೇಕು.”

ಇಡೀ ಮೈಸೂರು ತನ್ನ ಭಾನುವಾರಕ್ಕೆ ಕೈ ಹಾಕುತ್ತಿರುವುದನ್ನು ನೆನೆದು ಶಿವಮಲ್ಲಪ್ಪನವರು ಮತ್ತೆರಡು ಸಲ ಲಾಗಿನ್ ಒತ್ತಿದರು. ಮಂಟಪದ ಆಫೀಸಿಗೆ ಫೋನು ಹಚ್ಚಿದರು. ಗಂಟೆ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಇಟ್ಟ ತಕ್ಷಣ ಅವರದೇ ಫೋನು ಬಡಿದುಕೊಂಡಿತು. ಹಿನಕಲ್ಲಿನಿಂದ ಗುರುಸಿದ್ದಯ್ಯ.

“ಏನು ಬೀಗ್ರೇ, ನೀರು ಕುಡುದ್ರಾ?”

“ಕುಡೀತಾ ಇವ್ನಿ... ಅಂದ್ರೆ, ಮುಗೀತಾ ಬಂತು.”

ಊಟದ ಹೊತ್ತಿಗೆ ಮತ್ತೆ ಬಂತು ಫೋನು. ಆಮೇಲೆ ಮತ್ತೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಗುರುಸಿದ್ದಯ್ಯನವರ ದನಿ ಬದಲಾಗಿತ್ತು. “ಆಗದೇ ಇದ್ರೆ ಈಗ್ಲೇ ಹೇಳ್ಬುಡಿ. ನಂಜನಗೂಡಿನ ಕಡೆಯೋರು ಇನ್ನೂ ಕೇಳ್ತಾನೇ ಅವ್ರೆ.”

ಶಿವಮಲ್ಲಪ್ಪನವರ ಕಣ್ಣಿಗೆ ಮಗಳ ಮುಖ ಬಂತು. ನಾಲಿಗೆ ತಾನೇ ತಾನಾಗಿ ಹೊರಳಿತು. “ಆಯ್ತಲ್ಲ ಬೀಗ್ರೇ! ಈಗಷ್ಟೇ ಬುಕ್ ಆಯ್ತು!”

“ಭಲೇ! ಅಂಗಾದ್ರೆ ಸಾಯಂಕಾಲ ಮಂಟಪದ ಹತ್ರಾನೇ ಬರ್ತೀನಿ. ಬುಕ್ ಆದ ಜೋಡಿ ಹೆಸ್ರು ಗೇಟಿನ ಲೈಟ್ ಬೋರ್ಡಲ್ಲಿ ತಾನಾಗೇ ಬರ್ತದಂತಲ್ಲ? ಕಣ್ಣಾರೆ ನೋಡಿ ಸಿಹಿ ತಿನ್ನನ.”

ಶಿವಮಲ್ಲಪ್ಪನವರು ಟೆರೇಸಿನ ಮೇಲೆ ಕೂತುಬಿಟ್ಟರು. ಯಶೋಧಾ ಮಜ್ಜಿಗೆ ತಂದುಕೊಟ್ಟರು. ಮಹೇಶ ಭುಜ ತಟ್ಟಿದ.

“ನೀವು ಮಂಟಪಕ್ಕೆ ಹೋಗಿ ಅಂಕಲ್, ಯಾರಾದ್ರೂ ಇದ್ರೆ ಹಿಡೀರಿ. ನಾನಿಲ್ಲಿ ಒತ್ತುತಾನೇ ಇರ್ತೀನಿ. ಆ ಸೈಟಲ್ಲಿ ನಂದೂ ಖಾತೆ ಅದೆ. ವಧು-ವರರ ವಿಭಾಗಕ್ಕೆ ಅಂತ ಅಮ್ಮ ತನ್ನ ನಂಬರೂ ಕೊಟ್ಟು ನಾಕು ವರ್ಷದಿಂದೆ ಮಾಡ್ಸಿದ್ದು. ಯಾವ ಖಾತೆ ಆದ್ರೇನು, ಮಂಟಪ ಸಿಕ್ರೆ ಆಯ್ತಲ್ಲ?”

“ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪಾ” ಎಂದು ಶಿವಮಲ್ಲಪ್ಪನವರು ಗದ್ಗದಿತರಾಗಿ ಆಶೀರ್ವಾದ ಮಾಡಿದರು. ಪಂಚೆ ಬದಲಾಯಿಸುವ ವ್ಯವಧಾನವೂ ಇಲ್ಲದೆ ಮಂಟಪದ ದಾರಿ ಹಿಡಿದರು. ಎದುರಿಗೆ ಬಂದವರೆಲ್ಲ ಅವರ ಪಂಚೆ ನೋಡಿ ಪಕ್ಕಕ್ಕೆ ಸರಿದರು.

ಮಂಟಪದ ಆಫೀಸಿನ ಬಾಗಿಲು ತೆರೆದೇ ಇತ್ತು. ಮ್ಯಾನೇಜರ್ ಅಮರೇಶ್ ಸಿಹಿ ಪೊಂಗಲ್ ತಿನ್ನುತ್ತಾ ಕೂತಿದ್ದರು. ಅವರ ಹಿಂದೆ ಮಣೆಯ ಮೇಲೆ ರಂಗೋಲಿ, ಬಾಳೆಕಂದು, ಕಬ್ಬಿನ ಜಲ್ಲೆ. ನಡುವೆ, ಸೇವಂತಿಗೆಯಲ್ಲಿ ಕುತ್ತಿಗೆಯವರೆಗೂ ಮುಳುಗಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಕೂತಿತ್ತು ಆಫೀಸಿನ ಕಂಪ್ಯೂಟರು. ಅದರ ಪ್ಲಗ್ಗನ್ನು ಕಿತ್ತು, ಸುರುಳಿ ಸುತ್ತಿ, ಅದಕ್ಕೂ ಕುಂಕುಮವಿಟ್ಟಿದ್ದರು. ಪಕ್ಕದಲ್ಲೇ ಆಫೀಸಿನ ಫೋನು, ತಲೆಯ ಮೇಲೆ ಒಂದು ದಾಸವಾಳ.

“ಸ್ವಾಮೀ,” ಶಿವಮಲ್ಲಪ್ಪನವರು ಕಿತ್ತ ಪ್ಲಗ್ಗಿನ ಕಡೆ ಬೆರಳು ತೋರಿಸಿದರು. “ವೆಬ್‌ಸೈಟು ಎಲ್ಲೈತೆ?”

“ಅದ್ರೊಳಗೇ ಐತೆ ಸಾರ್. ಹೊರಗಿನೋರಿಗೆ ಯಾಕೆ ಕೊಡ್ಬೇಕು ಅಂತ ಕಮಿಟಿಯೋರು ಇಲ್ಲೇ ಇಡ್ಸಿದ್ರು.”

“ಇವತ್ತು ಹತ್ತಕ್ಕೆ ಶುರು ಅಂದಿದ್ರಲ್ಲಾ!”

“ಶುಭದಿನ ಅಂತ ಅಂದಿದ್ರು. ಶುಭದಿನ ಅಂದ್ಮೇಲೆ ಪೂಜೆ ಮಾಡ್ದೆ ಇರೋಕಾಯ್ತದಾ ಸಾರ್? ಪೂಜೆಗೆ ಕೂರ್ಸಿದ್ಮೇಲೆ ನಾಳೆ ವಿಜಯದಶಮಿವರ್ಗೂ ಕದಲಿಸೋ ಹಂಗಿಲ್ಲ. ಬೆಳಗಿಂದ ಒಬ್ರೂ ತಕರಾರು ಮಾಡ್ಲಿಲ್ಲ. ಪೊಂಗಲ್ ತಗೊಳಿ.”

ಶಿವಮಲ್ಲಪ್ಪನವರು ಗೋಗರೆದರು, ಮಗಳ ಕತೆ ಹೇಳಿದರು, ಕೈ ಮುಗಿದರು. ಅಮರೇಶ್ ಮರುಗಿದರು, ಆದರೆ ಜಗ್ಗಲಿಲ್ಲ. ಶಾಸ್ತ್ರ ಬಲ್ಲವರು ಯಾರಾದರೂ ದಾರಿ ಹೇಳಿದರೆ ತನ್ನದೇನೂ ಅಡ್ಡಿಯಿಲ್ಲ ಎಂದರು. ಶಾಸ್ತ್ರ ಬಲ್ಲವರು ಶಿವಮಲ್ಲಪ್ಪನವರ ಮನೆಯಲ್ಲೇ ಇದ್ದರು, ಆದರೆ ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದರು.

ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. “ಲೀಲಾ, ತಪ್ಪಾಯ್ತು ಕಣೇ. ನೀನು ಮಾಡಿದ್ದ ಪೂಜೇಲಿ ಏನೂ ಕೊರತೆ ಇರ್ಲಿಲ್ಲ.”

“ಇನ್ನೊಂದ್ಸಲ ಹೇಳಿ.”

“ತಪ್ಪಾಯ್ತು ಕಣೇ, ತಾಯಿ!”

ಸಂಗತಿ ಕೇಳಿದ ಮೇಲೆ ಪ್ರೇಮಲೀಲಾ ದಾರಿ ಹೇಳಿದರು. “ಮಂಗಳಾರತಿ ಎತ್ತಿ, ಬಲಗಡೆಯಿಂದ ಒಂದು ಹೂವು ತೆಗೆದು, ಮಗಳ ಮದುವೆ ಕೆಲ್ಸ ಅಂತ ಕೇಳ್ಕೊಂಡು ಕದಲಿಸಿ. ಆದ್ರೆ ಒಂದೇ ಸಲ. ಕೆಲ್ಸ ಆದ ತಕ್ಷಣ ವಾಪಸ್ ಕೂರಿಸ್ಬೇಕು. ಆಮೇಲೆ ನಾಳೆವರ್ಗೂ ಯಾರೂ ಕೈ ಹಚ್ಚಂಗಿಲ್ಲ, ಹೇಳಿವ್ನಿ!”

ಅಮರೇಶ್ ಅಂತೆಯೇ ಮಾಡಿದರು. ಪ್ಲಗ್ಗು ಗೋಡೆ ಸೇರಿತು. ಸೇವಂತಿಗೆಯ ರಾಶಿಯೊಳಗಿಂದ ಕಂಪ್ಯೂಟರು ಗುರ್ ಎಂದಿತು. ಶಿವಮಲ್ಲಪ್ಪನವರು ತಮ್ಮ ಫೋನಿನಲ್ಲಿ ಲಾಗಿನ್ ಒತ್ತಿದರು. ತೆರೆಯಿತು! ಒಟಿಪಿ ಬಂತು, ಹಾಕಿದರು. ಫೆಬ್ರವರಿ ತೆರೆಯಿತು. ಕೊನೆಯ ಭಾನುವಾರ ಹಚ್ಚಹಸಿರಾಗಿ ಕಂಡಿತು. ಬೆರಳು ಇಡಬೇಕು ಎನ್ನುವಷ್ಟರಲ್ಲಿ ಅದು ಕೆಂಪಾಯಿತು. ‘ಕ್ಷಮಿಸಿ. ಈ ದಿನಾಂಕವನ್ನು ಈಗಷ್ಟೇ ಕಾಯ್ದಿರಿಸಲಾಗಿದೆ.’

ಅವರ ಕಣ್ಣಲ್ಲಿ ನೀರು ಬಂತು. ಮಗಳಿಗೆ ಏನೆಂದು ಹೇಳುವುದು? ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಹೊಡ್ದೆ ಅಂಕಲ್!” ಮಹೇಶನ ಕೂಗಿಗೆ ಕಿವಿ ಗುಂಯ್ ಎಂದಿತು. “ಭಾನುವಾರ ನಮ್ದೇ! ವಧು ಹೆಸ್ರು ಕೇಳ್ತು, ಅಕ್ಷತಾ, ಶಿವಮಲ್ಲಪ್ಪನವರ ಮಗಳು ಅಂತ ಹಾಕ್ದೆ. ವರನ ಹೆಸ್ರು ಕೇಳ್ಲೇ ಇಲ್ಲ, ಅದೇ ತಗೊಂಡ್ಬುಡ್ತು. ಭಾಳ ಚೆಂದಾಗಿ ಮಾಡವ್ರೆ ಸೈಟು!”

ಶಿವಮಲ್ಲಪ್ಪನವರಿಗೆ ಆನಂದದಲ್ಲಿ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. “ಬದುಕ್ದೆ ಕಣಪ್ಪಾ!” ಎಂದವರೇ ಅಮರೇಶರನ್ನು ಪೊಂಗಲ್ ಸಮೇತ ತಬ್ಬಿಕೊಂಡರು. ಪಂಚೆ ಕೊಡವಿಕೊಂಡು, ಮೀಸೆ ತೀಡಿಕೊಂಡು, ಗೇಟಿಗೆ ಬಂದರು.

ಗುರುಸಿದ್ದಯ್ಯ ಆಗಲೇ ಬಂದಿದ್ದರು. ಕೈಯಲ್ಲಿ ಮುಚ್ಚಳ ತೆಗೆದ ಸಿಹಿಯ ಡಬ್ಬ, ತಲೆ ಮೇಲಕ್ಕೆ. ಗೇಟಿನ ಬೋರ್ಡಿನಲ್ಲಿ ಕೆಂಪು ಅಕ್ಷರ ಹರಿಯುತ್ತಿತ್ತು. ಅವರು ಅದನ್ನು ದಾರಿಹೋಕರಿಗೆಲ್ಲ ಕೇಳುವಂತೆ ಓದಿದರು.

“ವಧು, ಚಿರಂಜೀವಿ ಸೌಭಾಗ್ಯವತಿ ಅಕ್ಷತಾ, ಶ್ರೀರಾಂಪುರ. ವರ, ಚಿರಂಜೀವಿ ಮಹೇಶ್, ಶ್ರೀರಾಂಪುರ. ನವಜೋಡಿಗೆ ಮಠದ ಶುಭಾಶೀರ್ವಾದಗಳು.”

ಡಬ್ಬದ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದರು. “ಸ್ವಾಮಿ ಶಿವಮಲ್ಲಪ್ಪನೋರೇ, ಈ ಮಹೇಶ ಯಾರು?”

‘ಬೀಗ್ರೇ’ ಹೋಗಿ ‘ಸ್ವಾಮಿ’ ಬಂದದ್ದು ಶಿವಮಲ್ಲಪ್ಪನವರ ಎದೆಗೆ ನಾಟಿತು. “ಒಂದ್ನಿಮಿಷ, ಒಂದೇ ನಿಮಿಷ ಇರಿ” ಎಂದು ಒಳಗೆ ಓಡಿದರು. ಕಂಪ್ಯೂಟರು ಮಣೆಯ ಮೇಲೆ ಮತ್ತೆ ಹೂವು ಮುಡಿದು ಕೂತಿತ್ತು. ಪ್ಲಗ್ಗು ಸುರುಳಿ ಸುತ್ತಿಕೊಂಡಿತ್ತು. ಅಮರೇಶ್ ಬಾಗಿಲಿಗೆ ಬೀಗ ಹಾಕಲು ಎದ್ದಿದ್ದರು.

“ಹೆಸ್ರು ತಿದ್ದಬೇಕು ಸ್ವಾಮಿ! ತಪ್ಪಾಗೈತೆ!”

“ತಿದ್ದೋದೂ ಆನ್‌ಲೈನಲ್ಲೇ ಸಾರ್. ಆದ್ರೆ ನಿಮ್ಮನೆಯೋರೇ ಹೇಳವ್ರಲ್ಲ, ಒಂದೇ ಸಲ ಅಂತ. ನಾಳೆ ಬನ್ನಿ.”

“ಆ ಬೋರ್ಡನ್ನಾದ್ರೂ ಆರಿಸಿ!”

“ಅದನ್ನ ಪೂಜೆಗೆ ಕೂರಿಸಿಲ್ಲ ಸಾರ್. ರಾತ್ರಿಯೆಲ್ಲಾ ಓಡ್ಲಿ ಅಂತ ಕಮಿಟಿ ಆರ್ಡ್ರು.”

ಗೇಟಿಗೆ ವಾಪಸಾದಾಗ ಗುರುಸಿದ್ದಯ್ಯ ಡಬ್ಬವನ್ನು ಸ್ಕೂಟರಿನ ಡಿಕ್ಕಿಯೊಳಗೆ ಇಡುತ್ತಿದ್ದರು. ಶಿವಮಲ್ಲಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಪ್ರೇಮಲೀಲಾರ ಫೋನು ಬಂತು.

“ರೀ, ಇದೇನ್ರೀ ಇದು? ಮಹೇಶನ ತಾಯಿ ಹೂವು, ಸಕ್ಕರೆ, ಎಲೆಅಡಿಕೆ ತಟ್ಟೆ ಹಿಡ್ಕೊಂಡು ಬಂದು ಕೂತವ್ರೆ. ಅವ್ರ ಫೋನಿಗೆ ಮಠದಿಂದ ಮೆಸೇಜ್ ಬಂತಂತೆ. ಪಕ್ಕದ ಮನೇಲೇ ಸೊಸೆ ಇಟ್ಕೊಂಡು ಊರೆಲ್ಲಾ ಸುತ್ತಿದ್ನಲ್ಲಾ ಅಂತ ಅಳ್ತಾವ್ರೆ. ಯಶೋಧಾ ಬೀದಿಗೆಲ್ಲಾ ಸಕ್ಕರೆ ಹಂಚ್ಬುಟ್ಟವ್ರೆ. ನಾನೇನ್ ಹೇಳ್ಲಿ?”

ಗುರುಸಿದ್ದಯ್ಯ ಸ್ಕೂಟರಿಗೆ ಕಿಕ್ ಹೊಡೆದರು. ಬೋರ್ಡಿನ ಮೇಲೆ ಅಕ್ಷತಾಳೂ ಮಹೇಶನೂ ಮತ್ತೊಮ್ಮೆ ಕೆಂಪಗೆ ಹಾದುಹೋದರು.

“ಸಂಪರ್ಕ ಸಾಧ್ಯವಾಗ್ತಿಲ್ಲ, ಸ್ವಲ್ಪ ಸಮಯ ಬಿಟ್ಟು ಪ್ರಯತ್ನಿಸಿ ಅಂತ ಹೇಳು” ಎಂದು ಶಿವಮಲ್ಲಪ್ಪನವರು ಫೋನಿಟ್ಟು, ಕುಂಬಳಕಾಯಿಯ ಪಂಚೆ ಎತ್ತಿ ಕಟ್ಟಿ, ಸ್ಕೂಟರಿನ ಹಿಂದೆ ಓಡಿದರು.