ಫಕ್ಕೀರಪ್ಪನ ಷಡ್ದೀಪ ಪ್ರತಿಜ್ಞೆ

ಮೇಘೋದರದಲ್ಲಿ ಜನಿಸಿ, ತಾಮ್ರತಂತುಗಳಲ್ಲಿ ಸಂಚರಿಸಿ, ಮುಟ್ಟಿದವರನ್ನು ಮೂರು ಮಾರು ದೂರ ಎಸೆಯುವ ಹೇ ವಿದ್ಯುದ್ದೇವಿಯೇ, ನನ್ನ ನಾಲಗೆಯ ಮೇಲೆ ನೆಲೆಸು. ಆದರೆ ಹದವಾಗಿ ನೆಲೆಸು. ಎದುರು ಬರುವವರ ಕಣ್ಣಿಗೆ ಬೆಳಕು ಚುಚ್ಚದೆ ಯಾರೂ ಮುಂದೆ ಸಾಗದ ಈ ದ್ವಿಚಕ್ರಯುಗದಲ್ಲಿ, ಕಪ್ಪತಗುಡ್ಡದ ತಪ್ಪಲಿನ ಕೆಂಪಗೇರಿಯೆಂಬ ಪುರದಲ್ಲಿ, ಮೂವತ್ತನಾಲ್ಕು ಸಂವತ್ಸರ ಬಸ್ಸೆಂಬ ಮಹಾರಥವನ್ನು ನಡೆಸಿ ನಿವೃತ್ತನಾದ, ಹಾರನ್‌ಘೋಷಭೀಷಣ, ಮಹಿಷವೃಂದವಿದ್ರಾವಣ, ಅರ್ಧನಿದ್ರಾಸಾರಥ್ಯಪ್ರವೀಣ ಫಕ್ಕೀರಪ್ಪನ ಪರಾಕ್ರಮವನ್ನು ಹೇಳುತ್ತೇನೆ.

ಒಂದು ಮುಚ್ಚಂಜೆ ಆ ವೀರನು ತನ್ನ ಹಳೆಯ ಮೋಟಾರ್‌ಸೈಕಲ್ಲನ್ನೇರಿ ಗಾಣದಿಂದ ಶೇಂಗಾ ಎಣ್ಣೆ ತರುತ್ತಿದ್ದನು. ಗಾಡಿಯ ಹೆಡ್‌ಲೈಟು ಜ್ವರ ಬಂದ ಮಿಂಚುಹುಳುವಿನಂತೆ ಮಿಣುಕುತ್ತಿತ್ತು. ಆಗ ಎದುರಿನಿಂದ, ಪ್ರಳಯಕಾಲದ ದ್ವಾದಶಾದಿತ್ಯರನ್ನು ಹಣೆಗೆ ಕಟ್ಟಿಕೊಂಡಂತೆ, ಒಂದು ಖಾಸಗಿ ಬಸ್ಸು ಬಂದಿತು. ಅದು ಬೆಳಕು ತಗ್ಗಿಸಲಿಲ್ಲ. ಕಣ್ಣು ಕತ್ತಲಿಟ್ಟ ಫಕ್ಕೀರಪ್ಪನು ಎಣ್ಣೆಯ ಕ್ಯಾನಿನ ಸಮೇತ ಜಾಲಿಗಿಡದೊಳಗೆ ಅಂತರ್ಧಾನನಾದನು.

“ಏ ಮುದುಕಾ, ಊದಿನಕಡ್ಡಿ ಹಚಗೊಂಡು ರಸ್ತೆಕ್ಕ ಯಾಕ ಬರ್ತೀಯೋ?” ಎಂದು ಕೂಗಿದ ಬಸ್ಸಿನ ತರುಣ ಸಾರಥಿ ನಿಲ್ಲದೆ ಹೋದನು.

ಮುಳ್ಳು ಸಹಿಸಬಹುದು, ಮಾತು ಸಹಿಸಲಾಗದು. ಮನೆಯಲ್ಲಿ ಹೆಂಡತಿ ಸಂಗವ್ವ ಪಿನ್ನಿನಿಂದ ಅವನ ಅಂಗಾಲಿನ ಮುಳ್ಳು ಕೀಳುತ್ತಿರುವಾಗಲೇ ಅವನು ಎದೆಯುಬ್ಬಿಸಿ ಗರ್ಜಿಸಿದನು: “ಕೇಳಿಲ್ಲಿ ಸಂಗವ್ವಾ! ಹೆಡ್‌ಲೈಟ್ ಕೆಟ್ಟ ಬಸ್ಸನ್ನ ಬೆಳದಿಂಗಳಾಗ ಇಪ್ಪತ್ತು ಮೈಲಿ ಹೊಡದ ಗಂಡಸು ನಾ! ಆರು ಲೈಟ್ ಹಾಕಸ್ತೀನಿ, ಆರು! ಆ ಬಸ್ಸು ನನ್ನ ಮುಂದ ಲೈಟ್ ಇಳಿಸಿ ತಲಿ ಬಗ್ಗಸಲಿಲ್ಲಂದ್ರ, ಇನ್ನ ಮ್ಯಾಲೆ ನಾ ಗಾಡೀನ ಮುಟ್ಟೂದಿಲ್ಲ!”

“ಕಾಲು ಅಲುಗ್ಯಾಡಸಬ್ಯಾಡ್ರಿ,” ಎಂದಳು ಸಂಗವ್ವ. “ಮುಳ್ಳು ಒಳಗ ಮುರೀತೈತಿ.”

ಮರುದಿನ ಅವನು ಆರು ಹ್ಯಾಲೋಜನ್ ದೀಪಗಳನ್ನು ಚೀಲದಲ್ಲಿ ಹೊತ್ತು ದಿಲ್ಶಾದಳ ಅಂಗಡಿಗೆ ಹೋದನು. ತಂದೆಯ ನಂತರ ಊರಿನ ಗಾಡಿಗಳ ವೈರಿಂಗ್ ಕೆಲಸವನ್ನೆಲ್ಲ ಒಬ್ಬಳೇ ಮಾಡುತ್ತಿದ್ದ ಆ ತಂತುಜಾಲವಿಶಾರದೆ, ದೀಪಗಳನ್ನು ತಿರುವಿ ನೋಡಿ ಚೀಲಕ್ಕೇ ಹಾಕಿದಳು.

“ಕಾಕಾ, ನಿಮ್ಮ ಗಾಡಿ ಹುಟ್ಟಸೂದ ನೂರಾ ಇಪ್ಪತ್ತು ವ್ಯಾಟ್. ಅದರಾಗ ಅರ್ಧಕ್ಕಿಂತ ಹೆಚ್ಚು ಗಾಡಿಗೇ ಬೇಕು. ಇವು ಆರೂ ಕೂಡಿ ಮುನ್ನೂರಾ ಮೂವತ್ತು ಕೇಳ್ತಾವ. ನಾಕು ರೊಟ್ಟಿ ಹಿಟ್ಟಿನ್ಯಾಗ ಹನ್ನೆರಡು ಮಂದಿಗೆ ಪಂಗ್ತಿ ಹಾಕ್ತೀರೇನು?”

“ತಂಗಿ, ಬಸ್ಸಿನಾಗ ಎಷ್ಟ ಲೈಟ್ ಇರ್ತಾವ ಗೊತ್ತೇನು ನಿನಗ?”

“ಬಸ್ಸಿನ ಬ್ಯಾಟರಿ ಇಬ್ಬರು ಹೊರಬೇಕು, ಕಾಕಾ. ನಿಮ್ಮದನ್ನ ನಾ ಒಂದ ಕೈಯಾಗ ಎತ್ತತೀನಿ.”

ಹಿತವಚನ ಕೇಳಿದ ವೀರರುಂಟೇ? ಫಕ್ಕೀರಪ್ಪ ಮನೆಗೆ ಮರಳಿ, ಆರೂ ದೀಪಗಳ ವೈರುಗಳನ್ನು ಹೆಡ್‌ಲೈಟಿನ ಕೂದಲೆಳೆಯಂಥ ವೈರಿಗೆ ತಾನೇ ಹೊಸೆದು ಸುತ್ತಿದನು. ಸ್ವಿಚ್ ಒತ್ತಿದ ಕೂಡಲೇ ಫ್ಯೂಸು ಸುಟ್ಟಿತು. ಪ್ರಾಣತ್ಯಾಗ ಮಾಡಿ ಎಚ್ಚರಿಸಿದ ಆ ಸ್ವಾಮಿಭಕ್ತ ಫ್ಯೂಸಿನ ಜಾಗದಲ್ಲಿ ಅವನು ದಪ್ಪ ತಾಮ್ರದ ತಂತಿಯನ್ನು ತುರುಕಿದನು. “ಈಗ ಹೆಂಗ ಸುಡತೀ ನೋಡ್ತೀನಿ,” ಎಂದು ಮತ್ತೆ ಒತ್ತಿದನು.

ಆಹಾ! ಷಡ್ದೀಪಗಳು ಏಕಕಾಲಕ್ಕೆ ಪ್ರಜ್ವಲಿಸಿದವು. ಓಣಿ ಬೆಳಗಿತು. ಬೇವಿನ ಮರದಲ್ಲಿ ಮಲಗಲು ಬಂದಿದ್ದ ಕಾಗೆಗಳು ಬೆಳಗಾಯಿತೆಂದು ಮತ್ತೆ ಎದ್ದವು. ಫಕ್ಕೀರಪ್ಪನ ಕಣ್ಣಲ್ಲಿ ಆನಂದಬಾಷ್ಪ ತುಂಬಿತು. ಅದರ ಹಿಂದೆಯೇ ಹೊಗೆಯೂ ತುಂಬಿತು. ಪೆಟ್ರೋಲ್ ಟ್ಯಾಂಕಿನ ಕೆಳಗೆ ವೈರಿನ ಮೈ ಕರಗಿ ಚರಚರ ಸದ್ದಾಯಿತು. ಮೂವತ್ತನಾಲ್ಕು ಸಂವತ್ಸರದ ಸಾರಥಿಯು ಅಭ್ಯಾಸಬಲದಿಂದ ಹಾರನ್ ಒತ್ತಿದನು. ಸಂಗವ್ವ ಒಲೆಯ ಪಕ್ಕದ ಮಸಿಅರಿವೆಯನ್ನು ಹಿಡಿದು ಓಡಿಬಂದು, ಬ್ಯಾಟರಿಯ ವೈರನ್ನು ಜಗ್ಗಿ ಕಿತ್ತಳು. ಜಗತ್ತು ಕತ್ತಲಾಯಿತು. ಕಾಗೆಗಳು ಮತ್ತೆ ಮಲಗಿದವು.

“ಹಠ ಸುಟ್ಟಿತೋ, ಇಲ್ಲಾ ವೈರಷ್ಟ ಸುಟ್ಟಿತೋ?” ಎಂದು ಅವಳು ಕೇಳಿದಳು.

ಬೆಳಿಗ್ಗೆ ಫಕ್ಕೀರಪ್ಪ ಗಾಡಿಯನ್ನು ತಳ್ಳಿಕೊಂಡು, ಓಣಿಯ ಯಾರ ಮುಖವನ್ನೂ ನೋಡದೆ ದಿಲ್ಶಾದಳ ಅಂಗಡಿಗೆ ಹೋದನು. ಅವಳು ನಗಲಿಲ್ಲ, ಅದೇ ಅವನಿಗೆ ಹೆಚ್ಚು ನಾಚಿಕೆಯೆನಿಸಿತು. ಸುಟ್ಟದ್ದನ್ನೆಲ್ಲ ಕತ್ತರಿಸಿ, ಬ್ಯಾಟರಿಯಿಂದ ದಪ್ಪ ವೈರು ಬೇರೆ ಎಳೆದು, ಅದರ ಬಾಯಲ್ಲೇ ಒಂದು ಫ್ಯೂಸು ಕೂರಿಸಿ, ನಡುವೆ ರಿಲೇ ಎಂಬ ಪುಟ್ಟ ಡಬ್ಬಿಯಿಟ್ಟಳು.

“ಕಾಕಾ, ಸ್ವಿಚ್ ಬರೇ ಹುಕುಂ ಕೊಡತೈತಿ. ಭಾರ ಹೊರೂದು ಈ ಡಬ್ಬಿ. ಹತ್ತು ವ್ಯಾಟಿನ ಎಲ್‌ಇಡಿ ಎರಡು ಹಾಕೀನಿ. ಕೂಡಿ ಇಪ್ಪತ್ತು. ಗಾಡಿಗೆ ಗೊತ್ತ ಆಗೂದಿಲ್ಲ.”

“ಎರಡ ಸಾಕೇನವ್ವಾ?” ಫಕ್ಕೀರಪ್ಪನ ದನಿ ಇಳಿದಿತ್ತು.

“ದೇವರು ಕಣ್ಣು ಕೊಟ್ಟದ್ದೂ ಎರಡ, ಕಾಕಾ.”

ಅಂದೇ ಸಂಜೆ ಹಳ್ಳದ ಸೇತುವೆಯ ಬಳಿ ವೀರನು ಗಾಡಿ ನಿಲ್ಲಿಸಿಕೊಂಡು ಶತ್ರುವಿಗಾಗಿ ಕಾದನು. ದೂರದಲ್ಲಿ ದ್ವಾದಶಾದಿತ್ಯರು ಮೂಡಿದರು. ಅವನು ಕಿಕ್ ಹೊಡೆದು, ದೀಪದ್ವಯವನ್ನು ಬೆಳಗಿಸಿ, “ಬಾರಲೇ ಮಗನ!” ಎಂದು ಗರ್ಜಿಸಿ ಮುನ್ನುಗ್ಗಿದನು. ಎರಡು ಶುಭ್ರಕಿರಣಗಳು ರಸ್ತೆಯ ಒಂದೊಂದು ಕಲ್ಲನ್ನೂ ತೋರಿಸುತ್ತ ಮುಂದೆ ಓಡಿದವು. ಗಾಡಿ ಕೆಮ್ಮಲಿಲ್ಲ, ಹೊಗೆ ಏಳಲಿಲ್ಲ. ಆಗ, ಕೇಳಿರಿ, ಆ ಬಸ್ಸು ಬೆಳಕನ್ನು ತಗ್ಗಿಸಿತು! ಏರಿಸಿ ಮತ್ತೆ ತಗ್ಗಿಸಿತು! ಮೂರು ಬಾರಿ ಬಗ್ಗಿ, ವೇಗ ಇಳಿಸಿ, ಅವನ ಪಕ್ಕದಲ್ಲೇ ನಿಂತಿತು. ಫಕ್ಕೀರಪ್ಪನು ಶರಣಾಗತನನ್ನು ಕ್ಷಮಿಸುವ ಸಾರ್ವಭೌಮನ ಗಾಂಭೀರ್ಯದಿಂದ ಕತ್ತೆತ್ತಿದನು.

ತರುಣ ಸಾರಥಿಯು ಕಿಟಕಿಯಿಂದ ತಲೆ ಹೊರಚಾಚಿದನು.

“ಅಜ್ಜಾರ, ಗಾಡಿ ಸ್ಟ್ಯಾಂಡ್ ಎತ್ತಿಲ್ಲ ನೋಡ್ರಿ! ತಿರುವಿನ್ಯಾಗ ಬೀಳ್ತೀರಿ. ಹುಷಾರಾಗಿ ಹೋಗ್ರಿ!”

ಬಸ್ಸು ಹೋಯಿತು. ಫಕ್ಕೀರಪ್ಪ ಎಡಗಾಲಿನ ಹಿಮ್ಮಡಿಯಿಂದ ಸ್ಟ್ಯಾಂಡನ್ನು ಟಕ್ಕೆಂದು ಎತ್ತಿದ.

ಮನೆಯಲ್ಲಿ ಸಂಗವ್ವ ರೊಟ್ಟಿ ಬಡಿಯುತ್ತಿದ್ದಳು. “ಏನಾತ್ರಿ, ಬಗ್ಗಿತೇನು ಬಸ್ಸು?”

“ಮೂರು ಸಲ ಬಗ್ಗಿತು.” ಅವನು ಕಾಲು ತೊಳೆಯಲು ತಂಬಿಗೆ ಹುಡುಕಿದ.

“ಏನಂತು?”

ಫಕ್ಕೀರಪ್ಪ ತಂಬಿಗೆಯ ನೀರನ್ನು ಕಾಲಿಗೆ ಸುರಿದುಕೊಂಡ.

“ಹುಷಾರಾಗಿ ಹೋಗ್ರಿ ಅಂತು.”