ಕುರ್ಚಿ ಕೊಟ್ಟು ಬಕೆಟ್ ತಂದವನು

ಆ ಕೆಂಪು ಬಕೆಟ್ ಒಡೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅದು ಒಡೆಯಲಿಲ್ಲ. ಹಿಡಿ ಸಡಿಲವಾಗಲಿಲ್ಲ, ಬಣ್ಣ ಮಾಸಲಿಲ್ಲ, ಬಚ್ಚಲಿನಲ್ಲಿ ಎಷ್ಟು ಸಲ ಕೈಜಾರಿ ಬಿದ್ದರೂ ಕೂದಲೆಳೆಯಷ್ಟು ಬಿರುಕೂ ಬಿಡಲಿಲ್ಲ. ಅದು ಒಡೆದು ಕಸಕ್ಕೆ ಹೋದರೆ ಅದರ ಹಿಂದೆಯೇ ಜಗಳವೂ ಹೋಗುತ್ತದೆ ಎಂದು ಮೀಟರಪ್ಪ ಬಹಳ ವರ್ಷ ಕಾದಿದ್ದ.

ಮೀಟರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಬಿಲ್ಲು ಹರಿದುಕೊಡುವ ಕೆಲಸ ಅವನದು. ಅವನಿದ್ದ ಕಟ್ಟಡದ ಜನ ಪ್ರೀತಿಯಿಂದಲೋ ಬಿಲ್ಲಿನ ಮೇಲಿನ ಸಿಟ್ಟಿನಿಂದಲೋ ಹಾಗೆ ಕರೆದರು, ಹೆಸರು ಅಂಟಿಕೊಂಡಿತು.

ಬಕೆಟ್ ಬಂದ ಬಗೆ ಇಷ್ಟು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಅಪ್ಪ ತೀರಿಕೊಂಡರು. ಅಣ್ಣಂದಿರು ಮನೆ ಹಂಚಿಕೊಂಡಾಗ ಅವಳು ಬಾಯಿಬಿಟ್ಟು ಕೇಳಿ ತಂದದ್ದು ಒಂದನ್ನೇ, ಅಪ್ಪ ಸಂಜೆ ಹೊತ್ತು ಕೂರುತ್ತಿದ್ದ ಕುರ್ಚಿ. ಓರೆಯಾಗಿ ಹೊರಚಾಚಿದ ಸಣ್ಣ ಕಾಲುಗಳು, ಬೆತ್ತ ಹೆಣೆದ ಬೆನ್ನು, ಕೈಯಿಟ್ಟು ಇಟ್ಟು ನುಣುಪಾದ ಮರದ ತೋಳು. ಅದು ಬಂದು ವರ್ಷ ತುಂಬುವ ಮೊದಲೇ, ಅವಳು ತರಕಾರಿಗೆ ಹೋಗಿದ್ದ ಹೊತ್ತಿನಲ್ಲಿ, ಗುಜರಿಯವನು ಬಾಗಿಲಿಗೆ ಬಂದ. ಅವಳು ತಿರುಗಿ ಬಂದಾಗ ಕುರ್ಚಿ ಇದ್ದ ಜಾಗದಲ್ಲಿ ಕೆಂಪು ಬಕೆಟ್ ಇತ್ತು.

“ಹಳೇ ಸಾಮಾನು, ಸುಮ್ನೆ ಜಾಗ ಹಿಡೀತಿತ್ತು,” ಎಂದಿದ್ದ ಮೀಟರಪ್ಪ, ಭಾರಿ ವ್ಯಾಪಾರ ಕುದುರಿಸಿದವನ ಠೀವಿಯಲ್ಲಿ. “ಇದಾದ್ರೆ ದಿನಾ ಉಪಯೋಗಕ್ಕೆ ಬರುತ್ತೆ ನೋಡು.”

ಅವಳು ಅಂದು ಏನೂ ಅನ್ನಲಿಲ್ಲ. ಅನ್ನದೆ ಉಳಿಸಿಕೊಂಡದ್ದನ್ನು ಮುಂದೆ ವರ್ಷಗಟ್ಟಲೆ ಚೂರುಚೂರಾಗಿ ಅಂದಳು. ಮೀಟರಪ್ಪ ಎಂಥ ಬುದ್ಧಿವಂತಿಕೆಯ ಮಾತಾಡಿದರೂ “ಹೌದು, ಕುರ್ಚಿ ಕೊಟ್ಟು ಬಕೆಟ್ ತಂದೋರಲ್ವಾ ನೀವು” ಎಂದು ಮುಗಿಸಿಬಿಡುತ್ತಿದ್ದಳು. ಮಾತು ತಮಾಷೆಯದೇ. ಆದರೆ ಸಂಜೆ ಕೆಲಸ ಮುಗಿಸಿ ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗೋಡೆಗೆ ತಲೆ ಆನಿಸಿದಾಗ ಅವನು ಅತ್ತ ನೋಡಲಾರದೆ ಬಿಲ್ಲಿನ ಪುಸ್ತಕ ತೆರೆದು ಕೂರುತ್ತಿದ್ದ.

ಹೀಗಿರುವಾಗ ಒಂದು ದಿನ ಮೀಟರ್ ಓದಲು ಹೋಗುತ್ತಿದ್ದ ಬೀದಿಯಲ್ಲಿ, ಹೊಸದಾಗಿ ತೆರೆದಿದ್ದ ಮೇಜು ಕುರ್ಚಿಯ ಅಂಗಡಿಯ ಗಾಜಿನ ಹಿಂದೆ, ಮಾವನ ಕುರ್ಚಿ ನಿಂತಿತ್ತು. ಅದೇ ಅಲ್ಲ, ಅದರ ತದ್ರೂಪು. ಅದೇ ಓರೆಗಾಲು, ಅದೇ ಬೆತ್ತ, ತೋಳಿನಲ್ಲಿ ಅದೇ ಬಾಗು. ಮೇಲೆ ಬೋರ್ಡು: ‘ಅಜ್ಜನ ಕಾಲದ ಅಂದ, ಇಂದಿನ ಮನೆಗೆ, ಕೈಗೆಟಕುವ ಬೆಲೆಗೆ’. ಒಳಗೆ ಹೋಗಿ ಬೆಲೆ ಕೇಳಿದ. ಯಾರ ಕೈಗೆ ಎಂದು ಬೋರ್ಡಿನಲ್ಲಿ ಬರೆದಿರಲಿಲ್ಲ. ಪೆಚ್ಚಾಗಿ ಹೊರಟವನ ಕೈಗೆ ಅಂಗಡಿಯವರು ಒಂದು ಕರಪತ್ರ ಕೊಟ್ಟರು. ಕಡಿಮೆ ಖರ್ಚಿನಲ್ಲಿ ಹಳೆಯ ಕಾಲದ ಸರಳ ಸೊಗಸು ಉಳಿಸಿಕೊಂಡ ಮನೆಗೆ ಬಹುಮಾನ. ಅಂಗಡಿಯ ಮೇಡಂ ತಾವೇ ಬಂದು ನೋಡುತ್ತಾರೆ, ಮೆಚ್ಚಿದ ಮನೆಗೆ ಗಾಜಿನ ಹಿಂದಿನ ಕುರ್ಚಿ ಬಿಟ್ಟಿ. ಮೀಟರಪ್ಪ ನಿಂತ ನಿಲುವಿನಲ್ಲೇ ತನ್ನ ವಿಳಾಸ ಹೇಳಿದ, ಮನೆಯಲ್ಲಿ ಹಳೆಯ ಕಾಲದ ಸೋಫಾ ಇದೆ ಎಂದೂ ಸೇರಿಸಿದ. ಭಾನುವಾರ ಸಂಜೆ ಬರುತ್ತೇವೆ ಎಂದರು.

ಮನೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮಡಚುವ ಮೇಜು ಬಿಟ್ಟರೆ ಹಳೆಯ ಕಾಲದ್ದು ಅಂತ ಇದ್ದದ್ದು ಮೀಟರಪ್ಪನ ಬನಿಯನ್ ಮಾತ್ರ. ಆದರೆ ಅವನಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿತ್ತು. ಆ ಕಟ್ಟಡದ ಮೀಟರುಗಳೆಲ್ಲ ಮನೆಯೊಳಗೇ ಇದ್ದವು. ಯಾರ ನಡುಮನೆಯಲ್ಲಿ ಯಾವ ಸಾಮಾನು ಯಾವ ಗೋಡೆಗೆ ಒರಗಿದೆ ಎಂದು ಅವನು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ.

ಭಾನುವಾರ ಬೆಳಿಗ್ಗೆ ಅವನು ಮೊದಲು ಮಾಡಿದ ಕೆಲಸ, ತನ್ನ ಪ್ಲಾಸ್ಟಿಕ್ ಕುರ್ಚಿಗಳನ್ನೂ ಮೇಜನ್ನೂ ಹೊತ್ತು ಹೊರಗೆ ಸಾಗಿಸಿದ್ದು. ಬಹುಮಾನದ ವಿಷಯ ಹೆಂಡತಿಗೆ ಹೇಳಿರಲಿಲ್ಲ. ಕುರ್ಚಿ ಬಂದಾಗ ಅವಳ ಮುಖ ನೋಡಬೇಕೆಂಬ ಆಸೆ.

“ಇದನ್ನೆಲ್ಲ ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೀರಿ?” ಎಂದಳು ಅವಳು.

“ಮೆಟ್ಟಿಲ ಕೆಳಗೆ. ಇವತ್ತಿಂದ ಇವು ನಮಗೆ ಬೇಡವೇ ಬೇಡ.”

“ಬೇಡ್ವಾ?”

“ಬೇಡ ಅಂದ್ನಲ್ಲ. ಸಂಜೆ ನೋಡ್ತಿರು.”

“ಸರಿ ಬಿಡಿ,” ಎಂದಳು. ಗಂಡಂದಿರು ಕಿವಿಗೊಟ್ಟು ಕೇಳಬೇಕಾದ ಮಾತುಗಳಲ್ಲಿ ಈ ‘ಸರಿ ಬಿಡಿ’ ಮೊದಲನೆಯದು. ಮೀಟರಪ್ಪ ಆಗಲೇ ಎದುರುಮನೆಯ ಅಜ್ಜಿಯ ಬಾಗಿಲು ತಟ್ಟುತ್ತಿದ್ದ.

ಅಜ್ಜಿಯ ನಡುಮನೆಯಲ್ಲಿ ಕಾಲ ನಿಂತುಬಿಟ್ಟಿತ್ತು. ಓರೆಗಾಲಿನ ಸೋಫಾ, ಗಾಜಿನ ಬಾಗಿಲಿನ ಶೋಕೇಸು, ಸಾಸಿವೆ ಬಣ್ಣದ ಟೋಪಿ ಹಾಕಿಕೊಂಡ ನಿಲುದೀಪ. ಕಿಟಕಿಯಿಂದ ಗೋಡೆಯವರೆಗೆ ಕಾಲಿಡಲು ಜಾಗವಿಲ್ಲ.

“ಅಜ್ಜಿ, ಸಂಜೆ ತನಕ ನಿಮ್ಮ ಸೋಫಾ ಬೇಕಿತ್ತು.”

“ನೆಂಟರು ಬರ್ತಿದ್ದಾರೇನೋ?”

“ಒಂಥರಾ ಹಾಗೇ.”

“ತಗೊಂಡು ಹೋಗು. ಶೋಕೇಸೂ ತಗೊ, ದೀಪಾನೂ ತಗೊ. ಗುಡಿಸೋಕಾದ್ರೂ ಆಗುತ್ತೆ. ಅದರ ಕೆಳಗೆ ನಮ್ಮ ಯಜಮಾನರು ಇದ್ದಾಗಿನ ಧೂಳಿದೆ,” ಎಂದರು ಅಜ್ಜಿ. ಒಂದು ಚಾಪೆ, ಗಿಡದ ಕುಂಡ ಇಟ್ಟಿದ್ದ ಒಂದು ಸ್ಟೂಲು, ಇಷ್ಟನ್ನು ಬಿಟ್ಟು ಉಳಿದದ್ದೆಲ್ಲ ಎದುರು ಬಾಗಿಲಿಗೆ ದಾಟಿತು.

ಎಲ್ಲರೂ ಅಜ್ಜಿಯಷ್ಟು ಧಾರಾಳಿಗಳಲ್ಲ. ಕೆಳಗಿನ ಮನೆಯ ರಿಟೈರ್ಡ್ ಹೆಡ್‌ಮೇಷ್ಟ್ರ ಬಳಿ ಮೂರು ಕಾಲಿನ ದುಂಡನೆಯ ಟೀಪಾಯಿ ಇತ್ತು. “ಕೊಡ್ತೀನಿ,” ಎಂದರು ಮೇಷ್ಟ್ರು. “ಆದ್ರೆ ಅದರ ಮೇಲೆ ಬಿಸಿ ಲೋಟ ಇಡಬಾರದು. ಇಡ್ತಾರೋ ಇಲ್ವೋ ನೋಡೋಕೆ ನಾನೂ ಬರ್ತೀನಿ.” ಮೇಲಿನ ಮನೆಯ ಟೈಲರು ತನ್ನ ಮರದ ರೇಡಿಯೋ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಬಂದ. ಅದು ಬಾಯಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೂ ಯಾರಾದರೂ ಮುಟ್ಟಿಯಾರೆಂದು ಪಕ್ಕದಲ್ಲೇ ಕೂತ. ಟೈಲರು ಕೂತಮೇಲೆ ಅವನ ಅತ್ತೆಯೂ ಬಂದು ಕೂತರು. ಅವರು ಬಂದದ್ದು ಕಂಡು ಇನ್ನೂ ಮೂರು ಮನೆಯವರು, ಏನು ವಿಶೇಷ ಎಂದು ಇಣುಕಿದವರು, ಕೂತೇಬಿಟ್ಟರು.

ಬಿಸಿಲು ಓರೆಯಾಗಿ ಆ ಓರೆಗಾಲುಗಳ ಮೇಲೆ ಬಿದ್ದಿತ್ತು.

“ನನಗೆ ಕೆಲಸ ಸಿಕ್ಕಿದ ವರ್ಷ ನಮ್ಮನೆ ಹೀಗೇ ಇತ್ತು ಕಣ್ರೀ,” ಎಂದರು ಮೇಷ್ಟ್ರು ಮೆಲ್ಲಗೆ. “ಮೊದಲನೇ ಸಂಬಳದಲ್ಲಿ ಈ ಟೀಪಾಯಿ ತಂದೆ. ನಮ್ಮಮ್ಮ ಇದರ ಮೇಲೆ ಏನೂ ಇಡೋಕೆ ಬಿಡ್ತಿರ್ಲಿಲ್ಲ. ಈಗ ಅವರಿಲ್ಲ. ನಾನೂ ಬಿಡಲ್ಲ.”

ಟೈಲರು ರೇಡಿಯೋದ ಗುಂಡಿ ತಿರುಗಿಸಿದ. “ವಾರ್ತೆ ಹೊತ್ತಿಗೆ ನಮ್ಮಪ್ಪ ಹೀಗೆ ಬೆರಳೆತ್ತಿದ್ರೆ ಮುಗೀತು, ತೊಟ್ಟಿಲಲ್ಲಿದ್ದ ಮಗೂನೂ ಅಳ್ತಿರಲಿಲ್ಲ,” ಎಂದು ಬೆರಳೆತ್ತಿ ತೋರಿಸಿದ. ಮಾತಾಡದ ರೇಡಿಯೋ ಮುಂದೆ ಅಷ್ಟು ಜನ ನಿಜವಾಗಿಯೂ ಕಿವಿಗೊಟ್ಟು ಕೂತರು. ಮೀಟರಪ್ಪನಿಗೆ ಚಿಕ್ಕಂದಿನಲ್ಲಿ ಇಂಥದೇ ಸೋಫಾದ ಕೆಳಗೆ ಮಲಗಿ ದೊಡ್ಡವರ ಪಾದಗಳನ್ನು ನೋಡುತ್ತಿದ್ದದ್ದು ನೆನಪಾಯಿತು. ಅಪ್ಪನ ಪಾದ ಯಾವುದು, ಚಿಕ್ಕಪ್ಪನದು ಯಾವುದು ಎಂದು ಆಗ ಅವನಿಗೆ ಗೊತ್ತಾಗುತ್ತಿತ್ತು. ಎಷ್ಟು ಸುಖದ ದಿನಗಳು ಅವು. ತಾನು ಯಾಕಾದರೂ ಆ ಗುಜರಿಯವನನ್ನು ನಿಲ್ಲಿಸಿದೆನೋ ಎಂದು ಸಾವಿರದ ಒಂದನೆಯ ಸಲ ಅನ್ನಿಸಿತು.

ಅಷ್ಟರಲ್ಲಿ ಮೇಡಂ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಅಳತೆಯ ಟೇಪು.

“ಸೋಫಾ ಇದೆ ಅಂದಿದ್ರಿ. ಎಲ್ಲಿದೆ?”

“ಇವರ ಕೆಳಗಿದೆ ಮೇಡಂ,” ಎಂದ ಮೀಟರಪ್ಪ. ಒತ್ತಿಕೊಂಡು ಕೂತಿದ್ದವರಿಗೆ ಏಳಿ ಎಂದು ಕಣ್ಣುಸನ್ನೆ ಮಾಡಿದ. ಅವರು ಇನ್ನೂ ಒತ್ತಿಕೊಂಡು ಮೇಡಂಗೆ ಜಾಗ ಮಾಡಿಕೊಟ್ಟರು.

ಮೇಡಂ ಬಗ್ಗಿ ನೋಡಿದರು. “ಈ ಟೀಪಾಯಿ ತುಂಬಾ ಚೆನ್ನಾಗಿದೆ. ಎಲ್ಲಿ ಸಿಕ್ತು?”

“ನಮ್ಮ ತಾತಂದು.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನಾನು ನಿಮ್ಮ ತಾತ ಅಲ್ಲ.”

“ರೇಡಿಯೋ?”

“ಅದು ನಮ್ಮ ಅಳಿಯಂದಿರದು ತಾಯಿ,” ಎಂದರು ಟೈಲರನ ಅತ್ತೆ.

“ಹಾಗಾದ್ರೆ ಇದರಲ್ಲಿ ನಿಮ್ಮದು ಯಾವುದು?”

ಮೀಟರಪ್ಪ ಸುತ್ತ ಒಮ್ಮೆ ನೋಡಿದ. “ಗೋಡೆ,” ಎಂದ.

“ಅದೂ ಬಾಡಿಗೇದು,” ಎಂದರು ಮೇಷ್ಟ್ರು. ಸುಳ್ಳು ಹೇಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ, ಬೇರೆಯವರ ಪರವಾಗಿಯಂತೂ ಇಲ್ಲವೇ ಇಲ್ಲ.

ಹೆಂಡತಿ ಒಳಗಿನಿಂದ ಬಂದು ಮೇಡಂ ಕೈಗೆ ಕುದಿಯುವ ಚಹಾದ ಲೋಟ ಕೊಟ್ಟಳು. ಮೇಡಂ ಅದನ್ನು ಇಡಲು ಟೀಪಾಯಿ ಕಡೆ ತಿರುಗಿದರು. ಮೇಷ್ಟ್ರು ಎರಡೂ ಅಂಗೈಯಿಂದ ಟೀಪಾಯಿ ಮುಚ್ಚಿದರು. ಮೇಡಂ ರೇಡಿಯೋ ಕಡೆ ತಿರುಗಿದರು. ಟೈಲರು ಅದನ್ನು ತಬ್ಬಿಕೊಂಡ. ಬಿಸಿ ತಾಳಲಾರದೆ ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ಮೇಡಂ ಹೊರಗೆ ಬಂದವರು, ತೆರೆದಿದ್ದ ಎದುರು ಬಾಗಿಲಿಗೆ ನುಗ್ಗಿದರು.

“ಇಲ್ಲಿಡಮ್ಮ,” ಎಂದು ಅಜ್ಜಿ ಸ್ಟೂಲಿನ ಮೇಲಿದ್ದ ಕುಂಡ ಸರಿಸಿದರು.

ಹಿಂದೆಯೇ ಓಡಿಬಂದ ಮೀಟರಪ್ಪ ಬಾಗಿಲಲ್ಲಿ ನಿಂತ. ಬೆಳಿಗ್ಗೆ ತಾನೇ ಖಾಲಿ ಮಾಡಿದ ಕೋಣೆ ಅವನಿಗೇ ಗುರುತು ಸಿಗಲಿಲ್ಲ. ಗುಡಿಸಿ ಒರೆಸಿದ ನೆಲ, ಅದರ ತುಂಬ ಸಂಜೆಬಿಸಿಲು, ಚಾಪೆಯ ಮೇಲೆ ಗೋಡೆಗೊರಗಿದ ಅಜ್ಜಿ.

“ಎಷ್ಟು ಚೆನ್ನಾಗಿದೆ,” ಎಂದರು ಮೇಡಂ. “ಯಾವಾಗಿಂದ ಹೀಗಿದೆ ಅಜ್ಜಿ?”

“ನಾನು ಮದುವೆಯಾಗಿ ಬಂದ ದಿನ ಇಷ್ಟೇ ಇತ್ತಮ್ಮ. ಈ ಚಾಪೆ, ಈ ಸ್ಟೂಲು. ನಾವಿಬ್ಬರು ಆಡಿದ ಮಾತು ಗೋಡೆಗೆ ತಾಗಿ ತಿರುಗಿ ಬರ್ತಿತ್ತು, ನಕ್ಕೂ ನಕ್ಕೂ ಸಾಕಾಗ್ತಿತ್ತು. ಆಮೇಲೆ ಒಂದೊಂದೇ ಸಾಮಾನು ಬಂತು, ಆ ದನಿ ನಿಂತುಹೋಯ್ತು. ಇವತ್ತು ಎಲ್ಲ ಖಾಲಿಯಾದಮೇಲೆ ಸುಮ್ನೆ ಅವರ ಹೆಸರು ಕರೆದೆ.” ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. “ತಿರುಗಿ ಕೇಳಿಸ್ತು.”

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇದಕ್ಕೆ ಖರ್ಚು ಎಷ್ಟಾಯ್ತು?”

“ಏನೂ ಇಲ್ಲ. ಹೊತ್ಕೊಂಡು ಹೋಗಿದ್ದೆಲ್ಲ ಇವನೇ.”

ಕಡಿಮೆ ಖರ್ಚು, ಹಳೆಯ ಕಾಲ, ಸರಳ ಸೊಗಸು. ಕರಪತ್ರದಲ್ಲಿ ಇದ್ದದ್ದು ಇಷ್ಟೇ. ಬಹುಮಾನ ಈ ಮನೆಗೇ ಎಂದು ಮೇಡಂ ಅಲ್ಲೇ ಹೇಳಿ ಅಂಗಡಿಗೆ ಫೋನ್ ಮಾಡಿದರು.

“ಮೇಡಂ,” ಎಂದ ಮೀಟರಪ್ಪ ಅಳುದನಿಯಲ್ಲಿ, “ಈ ಮನೆ ಹೀಗೆ ಮಾಡಿದ್ದು ನಾನು.”

“ಒಳ್ಳೇ ಕೈ ನಿಮ್ಮದು,” ಎಂದು ಮೆಚ್ಚಿಕೊಂಡು ಮೇಡಂ ಚಹಾ ಮುಗಿಸಿದರು.

ವ್ಯಾನು ಬಂತು. ಕುರ್ಚಿ ಮೆಟ್ಟಿಲೇರಿ ಬಂದು ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗಿತು. ಅಜ್ಜಿಯ ಸೋಫಾ, ಶೋಕೇಸು, ನಿಲುದೀಪ ಕಂಡು ಮೇಡಂ, ಸ್ವಲ್ಪ ದಿನ ಅಂಗಡಿಗೆ ಕೊಡಿ, ಅಳತೆ ತೆಗೆದು ಇದೇ ಥರ ಹೊಸದು ಮಾಡಿಸುತ್ತೇವೆ ಎಂದರು. “ನಿಧಾನಕ್ಕೆ ವಾಪಸ್ ಕೊಡಿ, ಅವಸರ ಇಲ್ಲ,” ಎಂದರು ಅಜ್ಜಿ. ಕುರ್ಚಿ ತಂದ ವ್ಯಾನಿನಲ್ಲೇ ಅವೆಲ್ಲ ಹೋದವು. ಮೇಷ್ಟ್ರು ಟೀಪಾಯಿ ಸಮೇತ ಇಳಿದರು, ಟೈಲರು ರೇಡಿಯೋ ಸಮೇತ ಹತ್ತಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮಾತನ್ನು ಎಲ್ಲರೂ ಹೋಗುವಾಗ ಒಬ್ಬೊಬ್ಬರಾಗಿ ಹೇಳಿಯೇ ಹೋದರು.

ಖಾಲಿ ನಡುಮನೆಯಲ್ಲಿ ಗಂಡ ಹೆಂಡತಿ ನಿಂತರು. ಅವಳ ಕಣ್ಣು ಎದುರು ಬಾಗಿಲಿನೊಳಗಿದ್ದ ಕುರ್ಚಿಯ ಮೇಲೆ ನೆಟ್ಟಿತ್ತು.

“ಇದಕ್ಕೇನಾ ನೀವು ಬೆಳಿಗ್ಗೆಯಿಂದ ಒದ್ದಾಡಿದ್ದು?”

ಅವನು ತಲೆಯಾಡಿಸಿದ. “ನಮ್ಮ ಕುರ್ಚಿಗಳನ್ನಾದ್ರೂ ತರ್ತೀನಿ” ಎಂದು ಕೆಳಗೆ ಹೋದ. ಹೋದಷ್ಟೇ ಬೇಗ ತಿರುಗಿ ಬಂದ.

“ಮೆಟ್ಟಿಲ ಕೆಳಗೆ ಏನೂ ಇಲ್ವಲ್ಲೇ.”

“ಮಧ್ಯಾಹ್ನ ಗುಜರಿಯವನು ಬಂದಿದ್ದ,” ಎಂದಳು.

“ಕೊಟ್ಟುಬಿಟ್ಯಾ?”

“ಬೇಡವೇ ಬೇಡ ಅಂದ್ರಲ್ಲ. ಹಳೇ ಸಾಮಾನು, ಸುಮ್ನೆ ಜಾಗ ಹಿಡೀತಿತ್ತು.” ಬಚ್ಚಲಿಗೆ ಹೋಗಿ ಹೊಚ್ಚ ಹೊಸ ನೀಲಿ ಬಕೆಟ್ ತಂದು ಅವನ ಮುಂದಿಟ್ಟಳು. “ಇದಾದ್ರೆ ದಿನಾ ಉಪಯೋಗಕ್ಕೆ ಬರುತ್ತೆ ನೋಡಿ.”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನೀರು ನಗುವಿನದಷ್ಟೇ ಅಲ್ಲವೆಂದು ಮೀಟರಪ್ಪನಿಗೆ ಗೊತ್ತಾಯಿತು. ಎದುರಿನಿಂದ ಅಜ್ಜಿ ಕೂಗಿದರು. “ಬಾರೇ ಮಗಳೇ, ನನಗೆ ಚಾಪೇನೇ ಹಿತ. ಈ ಕುರ್ಚೀಲಿ ಕೂರೋರು ಯಾರು? ದಿನಾ ಸಂಜೆ ನೀನೇ ಬಂದು ಕೂತ್ಕೊ.”

ಅವಳು ಹೋಗಿ ಕೂತಳು. ಎರಡೂ ತೋಳಿನ ಮೇಲೆ ಅಂಗೈಯಿಟ್ಟು, ಬೆತ್ತಕ್ಕೆ ತಲೆಯಾನಿಸಿ, ಅವಳ ಅಪ್ಪ ಕೂರುತ್ತಿದ್ದಂತೆಯೇ ಕಣ್ಣು ಮುಚ್ಚಿದಳು.

ಇತ್ತ ಮೀಟರಪ್ಪ ನೀಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತ. ಅದು ಸಣ್ಣಗೆ ಲಟಕ್ ಎಂದಿತು. ಖಾಲಿ ಮನೆ ಒಂಥರಾ ದೊಡ್ಡದಾಗಿ ಕಂಡಿತು. ಯಾರೂ ಕೇಳಿಸಿಕೊಳ್ಳುವುದಿಲ್ಲವೆಂಬ ಧೈರ್ಯದಲ್ಲಿ, ಮದುವೆಯ ಹೊಸದರಲ್ಲಿ ಕರೆಯುತ್ತಿದ್ದಂತೆ ಹೆಂಡತಿಯನ್ನು ಹೆಸರು ಹಿಡಿದು ಮೆಲ್ಲಗೆ ಕರೆದ. ಗೋಡೆಗೆ ತಾಗಿ ದನಿ ತಿರುಗಿ ಬಂತು.

“ಕೇಳಿಸ್ತು,” ಎಂದಳು ಅವಳು ಆ ಮನೆಯಿಂದ, ಕಣ್ಣು ತೆರೆಯದೆ. “ಒಬ್ಬರೇ ಅಲ್ಯಾಕೆ ಕೂತಿದ್ದೀರಿ? ಬಕೆಟ್ ತಗೊಂಡು ಇಲ್ಲೇ ಬನ್ನಿ.”

ಅವನು ನೀಲಿ ಬಕೆಟ್ ಎತ್ತಿಕೊಂಡು ಎದ್ದ.

“ಆ ನೀಲೀದು ಬೇಡ,” ಎಂದಳು. “ಕೆಂಪು ಬಕೆಟ್ ತನ್ನಿ. ಅದು ಒಡೆಯಲ್ಲ.”